ಕೊಡೆಯಂಥ ಸಾಫ್ಟ್‌ಬಾಕ್ಸ್: ಎರಡು ವರ್ಷ ಬಳಸಿದ ಮೇಲೆ

ಎಂಟು ಕಡ್ಡಿಗಳಲ್ಲಿ ಒಂದಕ್ಕೆ ಈಗ ಕಪ್ಪು ಟೇಪು ಸುತ್ತಿದ್ದೇನೆ. ಅಂಚಿನ ವೆಲ್ಕ್ರೋ ಒಂದು ಗೇಣಿನಷ್ಟು ಬಿಚ್ಚಿಕೊಂಡಿದೆ. ಚೀಲದ ಜಿಪ್ಪು ಕೈಕೊಟ್ಟು ವರ್ಷವಾಯಿತು. ಇಷ್ಟಾದರೂ ಯಾರದ್ದಾದರೂ ಮುಖದ ಫೋಟೋ ತೆಗೆಯಬೇಕು ಅಂದಾಗ ನನ್ನ ಕೈ ಮೊದಲು ಹೋಗುವುದು 120 ಸೆಂಟಿಮೀಟರ್ ಅಗಲದ ಈ ಎಂಟು ಮೂಲೆಯ ಸಾಫ್ಟ್‌ಬಾಕ್ಸ್ ಕಡೆಗೇ, ಅಂದರೆ ಫ್ಲಾಶ್ ಮುಂದೆ ಕೂತು ಅದರ ಬೆಳಕನ್ನು ಹರಡಿ ನೆರಳನ್ನು ಮೃದುವಾಗಿಸುವ ಬಟ್ಟೆಯ ಡಬ್ಬಿ. ಕಂಪನಿಯ ಹೆಸರು ಬೇಡ. ಇದೇ ಅಳತೆಯಲ್ಲಿ, ಇದೇ ಕೊಡೆಯ ರೀತಿಯಲ್ಲಿ ಬಿಚ್ಚುವ ಡಬ್ಬಿಗಳನ್ನು ಬಹಳ ಜನ ಮಾಡುತ್ತಾರೆ. ಅವುಗಳ ಗುಣ-ದೋಷ ಹೆಚ್ಚುಕಮ್ಮಿ ಒಂದೇ.

ನಾನು ಹವ್ಯಾಸಿ. ಮನೆಯ ಒಂದು ಕೋಣೆಯೇ ನನ್ನ ಸ್ಟುಡಿಯೋ, ಮನೆಯವರೇ ಮಾಡೆಲ್‌ಗಳು. ಈ ಗೀಳು ಶುರುವಾಗಿದ್ದು ಅಪ್ಪನಿಂದ. ಅವರದ್ದೊಂದು ಒಳ್ಳೆಯ ಫೋಟೋ ಇರಲಿ ಅಂತ ಕ್ಯಾಮೆರಾದ ತಲೆಗೆ ಫ್ಲಾಶ್ ಸಿಕ್ಕಿಸಿ, ನೇರವಾಗಿ ಮುಖಕ್ಕೆ ಹೊಡೆದೆ. ಹಣೆ ಮಿರಮಿರ, ಹಿಂದಿನ ಗೋಡೆಯ ಮೇಲೆ ಕತ್ತರಿಯಲ್ಲಿ ಕತ್ತರಿಸಿದಂಥ ಕರಿ ನೆರಳು, ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ. ಅಪ್ಪ ನೋಡಿ, 'ನನ್ನನ್ನ ಯಾವುದಾದ್ರೂ ಕೇಸಲ್ಲಿ ಹಿಡ್ಕೊಂಡಿದಾರಾ?' ಅಂದರು. ಆಮೇಲೆ ಒಂದು ಬಿಳಿ ಕೊಡೆ ಬಂತು, ಎಲ್‌ಇಡಿ ಪ್ಯಾನೆಲ್ ಬಂತು, ಬೆಳಕನ್ನು ಮುಖದ ಕಡೆ ತಿರುಗಿಸುವ ಐದು ಬಗೆಯ ಬಟ್ಟೆಯ ರಿಫ್ಲೆಕ್ಟರ್ ಬಂತು. ಕೊನೆಗೆ ಬಂದದ್ದು 200 ವಾಟ್‌ಸೆಕೆಂಡ್ ಶಕ್ತಿಯ ಒಂದು ಬ್ಯಾಟರಿ ಫ್ಲಾಶ್ ಮತ್ತು ಅದರ ಮುಂದೆ ಕೂರುವ ಈ ಡಬ್ಬಿ.

ಬಿಚ್ಚುವುದು ಸುಲಭ. ಮಳೆಗಾಲದ ಕೊಡೆಯ ಹಾಗೆಯೇ ಹಿಂದಿನಿಂದ ಒತ್ತಿದರೆ ಕಡ್ಡಿಗಳು ಅರಳಿ, ಟಕ್ ಅಂತ ಲಾಕ್ ಆಗುತ್ತವೆ. ಒಳಗೊಂದು ಚಿಕ್ಕ ಬಿಳಿ ಬಟ್ಟೆ, ಮುಂದೆ ಇನ್ನೊಂದು ದೊಡ್ಡ ಬಿಳಿ ಬಟ್ಟೆ. ಹಿಂದೆ ಬೋವೆನ್ಸ್ ಮೌಂಟ್, ಅಂದರೆ ಬಹಳ ಕಂಪನಿಗಳ ಫ್ಲಾಶ್‌ಗೆ ಕೂರುವ ಜೋಡಣೆ, ಹಾಗಾಗಿ ನಾಳೆ ಅದೇ ಮೌಂಟಿನ ಬೇರೆ ಫ್ಲಾಶ್ ತಂದರೂ ಡಬ್ಬಿ ಬದಲಿಸಬೇಕಾಗಿಲ್ಲ. ನನಗೆ ಪೂರ್ತಿ ಕಟ್ಟಲು 3 ನಿಮಿಷ ಸಾಕು. ಮಡಚುವಾಗ ಮಾತ್ರ ಪ್ರತಿಸಲ ಒಂದು ಬೆರಳು ಚಿವುಟಿಕೊಳ್ಳುತ್ತೇನೆ.

ಒಳಗಿನ ಚಿಕ್ಕ ಬಟ್ಟೆಯನ್ನು ಮೊದಲ ತಿಂಗಳು ನಾನು ಹಾಕಿಯೇ ಇರಲಿಲ್ಲ. ಬೆಳಕು ಸುಮ್ನೆ ಕಡಿಮೆಯಾಗುತ್ತದೆ ಅಂತ ಬಿಟ್ಟಿದ್ದೆ. ಒಂದು ದಿನ ಡಬ್ಬಿಯದ್ದೇ ಫೋಟೋ ತೆಗೆದು ನೋಡಿದೆ. ನಡುವೆ ತಟ್ಟೆಯಷ್ಟು ಜಾಗ ಉರಿಯುತ್ತಿದೆ, ಅಂಚು ಮಂಕು. ಅಂದರೆ 120 ಸೆಂಟಿಮೀಟರ್‌ಗೆ ದುಡ್ಡು ಕೊಟ್ಟು ಅದರ ನಡುಭಾಗವನ್ನಷ್ಟೇ ಬಳಸುತ್ತಿದ್ದೆ! ಒಳಬಟ್ಟೆ ಹಾಕಿದ ಮೇಲೆ ಬೆಳಕು ಅಂಚಿನವರೆಗೆ ಹರಡಿತು. ಒಳಬಟ್ಟೆ ಇಲ್ಲದ ಡಬ್ಬಿಯನ್ನು ಯಾರಾದರೂ ಕೊಡಲು ಬಂದರೆ ತಗೊಳ್ಳಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಡಬ್ಬಿ ಮೃದುವಾದ ಬೆಳಕು ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಮೊದಮೊದಲು ನಾನು ಇದನ್ನು 3 ಮೀಟರ್ ದೂರದಲ್ಲಿ ನಿಲ್ಲಿಸುತ್ತಿದ್ದೆ. ಕಾರಣ ಬೇರೇನಿಲ್ಲ, ಇಷ್ಟು ದೊಡ್ಡ ವಸ್ತುವನ್ನು ಮುಖದ ಹತ್ತಿರ ತರಲು ಸಂಕೋಚ. ಆ ಫೋಟೋಗಳಲ್ಲಿ ಮೂಗಿನ ನೆರಳು ಅಷ್ಟೇ ಗಡುಸು. ಬೆಳಕು ದೊಡ್ಡದಾದಷ್ಟೂ ನೆರಳು ಮೃದು, ಆದರೆ ಅದು ಎಷ್ಟು ದೊಡ್ಡದು ಅನ್ನುವುದನ್ನು ಕೂತವರ ಜಾಗದಿಂದ ನೋಡಬೇಕು. 3 ಮೀಟರ್ ಆಚೆಗಿನ 120 ಸೆಂಟಿಮೀಟರ್ ಡಬ್ಬಿ ಮತ್ತು 1 ಮೀಟರ್ ಆಚೆಗಿನ 40 ಸೆಂಟಿಮೀಟರ್ ಡಬ್ಬಿ ಅವರಿಗೆ ಕಾಣುವುದು ಒಂದೇ ಅಳತೆಯಲ್ಲಿ. ಸೂರ್ಯನನ್ನೇ ನೋಡಿ, ಸುಮಾರು 14 ಲಕ್ಷ ಕಿಲೋಮೀಟರ್ ಅಗಲ ಇದ್ದಾನೆ. ಆದರೆ 15 ಕೋಟಿ ಕಿಲೋಮೀಟರ್ ದೂರದಿಂದ ಹೆಬ್ಬೆರಳಿನ ಹಿಂದೆ ಅಡಗುವಷ್ಟು ಚಿಕ್ಕವನು. ಅದಕ್ಕೇ ನಡುಮಧ್ಯಾಹ್ನದ ನೆರಳು ಅಷ್ಟು ಖಡಕ್.

ಹಾಗಾಗಿ ಧೈರ್ಯ ಮಾಡಿ ಡಬ್ಬಿಯನ್ನು 1 ಮೀಟರ್‌ಗೆ ತಂದೆ. ಫ್ರೇಮಿನ ಅಂಚಿಗೆ ತಾಗಿಯೂ ತಾಗದ ಹಾಗೆ. ನೆರಳು ಕರಗಿತು. ಅದು ನಿರೀಕ್ಷಿಸಿದ್ದೇ. ನಾನು ನಿರೀಕ್ಷಿಸದೇ ಇದ್ದದ್ದು ಹಿಂದಿನ ಗೋಡೆ. ನಮ್ಮ ಕೋಣೆಯ ಗೋಡೆ ಬಿಳಿ. ಫೋಟೋದಲ್ಲಿ ಅದು ಗಾಢ ಬೂದು! ಮುಖ ಬೆಳಕಿನಿಂದ 1 ಮೀಟರ್, ಗೋಡೆ 3 ಮೀಟರ್. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲು, ಅಂದರೆ 3 ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ ಕಡಿಮೆ (ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್). ಅದೇ ಡಬ್ಬಿಯನ್ನು ಮುಖದಿಂದ 3 ಮೀಟರ್‌ಗೆ ಒಯ್ದರೆ ಗೋಡೆಗೆ 5 ಮೀಟರ್ ಆಗುತ್ತದೆ. ಆಗ ಗೋಡೆ ಮುಖಕ್ಕಿಂತ ಒಂದೂವರೆ ಸ್ಟಾಪ್ ಅಷ್ಟೇ ಮಂಕು. ಬೂದು ಬಣ್ಣದ ಹಿನ್ನೆಲೆ ಪರದೆ ತಗೊಳ್ಳಬೇಕು ಅಂತ ಆರು ತಿಂಗಳಿಂದ ಲೆಕ್ಕ ಹಾಕುತ್ತಿದ್ದೆ. ಸ್ಟ್ಯಾಂಡನ್ನು ಎರಡು ಹೆಜ್ಜೆ ಜರುಗಿಸಿದ್ದಕ್ಕೆ ಆ ಖರ್ಚು ಉಳಿಯಿತು.

ಶಕ್ತಿಯ ವಿಷಯ ಬೇಗ ಮುಗಿಸುತ್ತೇನೆ. 1 ಮೀಟರ್ ದೂರ, ಎರಡೂ ಬಟ್ಟೆ ಹಾಕಿ, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 5.6 ಇಟ್ಟರೆ ನನ್ನ ಫ್ಲಾಶ್‌ನಲ್ಲಿ ಕಾಲು ಭಾಗದಷ್ಟು ಶಕ್ತಿ ಸಾಕಾಗುತ್ತದೆ. ಶಟರ್ 1/200 ಸೆಕೆಂಡ್. ಅದರಲ್ಲಿ ಕೋಣೆಯ ದೀಪ ಫೋಟೋದಲ್ಲಿ ಕಾಣುವುದೇ ಇಲ್ಲ. ಒಮ್ಮೆ ಗೊತ್ತಿಲ್ಲದೆ ಶಟರ್ 1/500ಕ್ಕೆ ತಿರುಗಿ, ಅತ್ತಿಗೆಯ ಇಪ್ಪತ್ತು ಫೋಟೋಗಳಲ್ಲೂ ಕೆಳಗೆ ಕಪ್ಪು ಪಟ್ಟಿ ಬಂತು, ಅಷ್ಟು ವೇಗದಲ್ಲಿ ಫ್ಲಾಶ್ ಮಿಂಚುವಾಗ ಶಟರ್ ಪೂರ್ತಿ ತೆರೆದಿರುವುದಿಲ್ಲ. ಅದು ಡಬ್ಬಿಯ ತಪ್ಪಲ್ಲ, ನನ್ನದು.

ಇನ್ನು ಅಪ್ಪನ ಕನ್ನಡಕ. ಇಲ್ಲಿ ಈ ಡಬ್ಬಿ ನನ್ನನ್ನು ನಿಜವಾಗಿ ಸತಾಯಿಸಿತು. ಚಿಕ್ಕ ಫ್ಲಾಶ್‌ನಲ್ಲಿ ಗಾಜಿನ ಮೇಲೆ ಚುಕ್ಕೆ ಬರುತ್ತಿತ್ತು. ದೊಡ್ಡ ಡಬ್ಬಿಯಲ್ಲಿ ಚುಕ್ಕೆಯ ಬದಲು ಒಂದಿಡೀ ಎಂಟು ಮೂಲೆಯ ಬಿಳಿ ಕಿಟಕಿ, ಅದರ ಹಿಂದೆ ಎಲ್ಲೋ ಅಪ್ಪನ ಕಣ್ಣು. ಬೆಳಕು ಗಾಜಿಗೆ ಬಿದ್ದ ಕೋನದಲ್ಲೇ ಆಚೆ ಚಿಮ್ಮುತ್ತದೆ, ಶಾಲೆಯಲ್ಲಿ ಓದಿದ್ದೇ. ಡಬ್ಬಿ ದೊಡ್ಡದಾದಷ್ಟೂ ಅದರ ಯಾವುದಾದರೂ ಒಂದು ಮೂಲೆ ಕ್ಯಾಮೆರಾ ಕಡೆಗೆ ಚಿಮ್ಮುವ ಕೋನದಲ್ಲಿ ಇದ್ದೇ ಇರುತ್ತದೆ. ಮೃದುತನಕ್ಕಾಗಿ ಹತ್ತಿರ ತಂದರೆ ಈ ಕಾಟ ಇನ್ನೂ ಜಾಸ್ತಿ. ಹೊಗಳಿ ಬರೆಯುವವರು ಈ ಮಾತನ್ನು ಯಾಕೋ ಹೇಳುವುದಿಲ್ಲ.

ಮೂರು ಸಂಜೆ ಒದ್ದಾಡಿದೆ. ಅಪ್ಪ ಮೊದಲ ದಿನ ಉತ್ಸಾಹದಲ್ಲಿದ್ದರು, ಎರಡನೇ ದಿನ ಪೇಪರ್ ಹಿಡಿದುಕೊಂಡೇ ಕೂತರು, ಮೂರನೇ ದಿನ ಕೂತಲ್ಲೇ ತೂಕಡಿಸಿದರು. ಕೊನೆಗೆ ಕೆಲಸಕ್ಕೆ ಬಂದದ್ದು ಇಷ್ಟು: ಸ್ಟ್ಯಾಂಡನ್ನು ಇನ್ನೊಂದು ಮೊಳ ಮೇಲಕ್ಕೆ ಎತ್ತಿ, ಡಬ್ಬಿಯನ್ನು ಕೆಳಗೆ ಬಾಗಿಸಿ, ಸ್ವಲ್ಪ ಪಕ್ಕಕ್ಕೂ ಸರಿಸಿದೆ. ಕನ್ನಡಕದ ಕಿವಿಕಡ್ಡಿಗಳನ್ನು ಕಿವಿಯಿಂದ ಒಂದು ಕೂದಲೆಳೆಯಷ್ಟು ಮೇಲೆತ್ತಿದೆ. ಆಗ ಗಾಜು ತುಸು ಕೆಳಕ್ಕೆ ಬಾಗುತ್ತದೆ, ಎದುರಿನಿಂದ ಗೊತ್ತೇ ಆಗುವುದಿಲ್ಲ. ಬಿಳಿ ಕಿಟಕಿ ಗಾಜಿನಿಂದ ಜಾರಿ ಹೋಯಿತು. ಆದರೆ ಬೆಳಕು ಜಾಸ್ತಿ ಮೇಲೆ ಹೋದರೆ ಕಣ್ಣಿನೊಳಗಿನ ಹೊಳಪೂ ಹೋಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಬಿಳಿ ಮಗ್ಗುಲನ್ನು ಅಪ್ಪನ ತೊಡೆಯ ಮೇಲೆ ಇಟ್ಟೆ. ಪೇಪರ್ ಇಡಲು ಜಾಗವಾಯಿತು ಅಂತ ಅವರಿಗೂ ಸಮಾಧಾನ.

ಆ ರಿಫ್ಲೆಕ್ಟರಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಿಳಿ, ಬೆಳ್ಳಿ, ಚಿನ್ನ, ಕಪ್ಪು, ನಡುವೆ ಬೆಳಕು ಹಾಯುವ ಬಟ್ಟೆ, ಒಟ್ಟು ಐದು. ಚಿನ್ನದ ಮಗ್ಗುಲು ಚರ್ಮಕ್ಕೆ ಅರಿಸಿನ ಬಳಿದ ಹಾಗೆ ಮಾಡುತ್ತದೆ, ಒಂದು ಸಲ ಬಳಸಿ ಬಿಟ್ಟೆ. ನಾನು ಅತಿ ಹೆಚ್ಚು ಬಳಸುವುದು ಯಾರೂ ಕೇಳದ ಕಪ್ಪು ಮಗ್ಗುಲನ್ನು. ರೆಂಬ್ರಾಂಟ್ ಲೈಟಿಂಗ್ ಅಂತಾರಲ್ಲ, 17ನೇ ಶತಮಾನದ ಆ ಡಚ್ ಚಿತ್ರಕಾರನ ಹೆಸರಿನದು. ಬೆಳಕನ್ನು 45 ಡಿಗ್ರಿಯಷ್ಟು ಪಕ್ಕಕ್ಕೆ ಮತ್ತು ಮೇಲಕ್ಕೆ ಇಟ್ಟರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಕೂಡಿ, ಆಚೆ ಕಣ್ಣಿನ ಕೆಳಗೆ ಒಂದು ಬೆಳಕಿನ ತ್ರಿಕೋನ ಉಳಿಯಬೇಕು. ನನಗೆ ತ್ರಿಕೋನ ಬರುತ್ತಲೇ ಇರಲಿಲ್ಲ. ಅಣ್ಣನ ಮುಖದ ನೆರಳಿನ ಕಡೆಯೂ ಬೆಳ್ಳಗೆ, ಸಪ್ಪೆ. ಡಬ್ಬಿಯನ್ನು ಬೈದುಕೊಂಡೆ. ತಪ್ಪು ಗೋಡೆಯದ್ದು. ಚಿಕ್ಕ ಬಿಳಿ ಕೋಣೆ, ಡಬ್ಬಿಯ ಬೆಳಕು ಗೋಡೆ, ಚಾವಣಿ ಎಲ್ಲಕ್ಕೂ ಬಡಿದು ವಾಪಸ್ ಮುಖಕ್ಕೇ ಬರುತ್ತಿತ್ತು. ನೆರಳಿನ ಕೆನ್ನೆಗೆ ಎರಡಡಿ ಹತ್ತಿರ ಕಪ್ಪು ಬಟ್ಟೆ ನಿಲ್ಲಿಸಿದ ಕೂಡಲೇ ಆ ಬೆಳಕನ್ನೆಲ್ಲ ಅದು ನುಂಗಿತು, ತ್ರಿಕೋನ ಬಂತು. ಅಣ್ಣನಿಗೆ ತನ್ನ ದವಡೆ ಮೊದಲ ಸಲ ಕಂಡಿರಬೇಕು, ಆ ಫೋಟೋವನ್ನು ಇವತ್ತಿಗೂ ಬದಲಿಸಿಲ್ಲ.

ಡಬ್ಬಿಯ ಜೊತೆಗೆ ಬಂದ ಜಾಲರಿಯೂ ಇದೇ ಕೆಲಸಕ್ಕೆ. ಮುಂದೆ ಅಂಟಿಸಿದರೆ ಬೆಳಕು ಪಕ್ಕಕ್ಕೆ ಚೆಲ್ಲುವುದಿಲ್ಲ. ಆದರೆ ಅದನ್ನು ಸುತ್ತಲೂ ವೆಲ್ಕ್ರೋದಿಂದ ಅಂಟಿಸುವಷ್ಟರಲ್ಲಿ ಕೂತವರು ಎದ್ದು ಹೋಗಿರುತ್ತಾರೆ. ಬೆಳಕೂ ಕಡಿಮೆಯಾಗುತ್ತದೆ. ನನ್ನದು ಕಪಾಟಿನಲ್ಲಿದೆ.

ಅಣ್ಣ-ಅತ್ತಿಗೆ ಒಟ್ಟಿಗೆ ಕೂತಾಗ ಇನ್ನೊಂದು ತಾಪತ್ರಯ. ಡಬ್ಬಿಗೆ ಹತ್ತಿರ ಇದ್ದ ಅತ್ತಿಗೆ ಬೆಳ್ಳಗೆ, ಆಚೆಗಿದ್ದ ಅಣ್ಣ ಕಪ್ಪಗೆ. ಜೋಡಿ ಫೋಟೋ ನೋಡಿ ಅತ್ತಿಗೆಗೆ ಖುಷಿ, ಅಣ್ಣನಿಗೆ ಮುಖ ಗಂಟು. ಡಬ್ಬಿಯನ್ನು ಅವರ ಕಡೆ ನೇರವಾಗಿ ತಿರುಗಿಸದೆ, ಅವರ ಮುಂದಿನ ಖಾಲಿ ಜಾಗದ ಕಡೆ, ಅಣ್ಣನ ದಿಕ್ಕಿಗೆ ತಿರುಗಿಸಿದೆ. ಹತ್ತಿರದವರಿಗೆ ಬೆಳಕಿನ ಅಂಚು, ದೂರದವರಿಗೆ ನಡುಭಾಗ. ಇಬ್ಬರೂ ಸಮವಾದರು. ಚಿಕ್ಕ ಡಬ್ಬಿಯಲ್ಲಿ ಈ ಆಟಕ್ಕೆ ಅಷ್ಟು ಜಾಗವಿಲ್ಲ. ಇಲ್ಲಿ 120 ಸೆಂಟಿಮೀಟರ್ ಸಾರ್ಥಕ.

ಎಲ್‌ಇಡಿ ಪ್ಯಾನೆಲ್ ಸಾಕಾಗಲ್ವಾ ಅಂತ ಕೇಳುವವರಿದ್ದಾರೆ. ಕೆಲವರಿಗೆ ಸಾಕು. ಬೆಳಕು ಎಲ್ಲಿ ಬೀಳುತ್ತಿದೆ ಅನ್ನುವುದು ಕಣ್ಣೆದುರೇ ಕಾಣುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಅಣ್ಣನ ಎರಡು ವರ್ಷದ ಮಗಳು ಫ್ಲಾಶ್ ಹೊಡೆದ ಪ್ರತಿಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಅವಳ ಫೋಟೋ ಪೂರಾ ಪ್ಯಾನೆಲ್‌ನಲ್ಲೇ ತೆಗೆದದ್ದು. ಆದರೆ ಶಕ್ತಿ ಸಾಲದು. ನನ್ನ ಪ್ಯಾನೆಲ್‌ಗೆ ಐಎಸ್‌ಒ 800 ಬೇಕು, ಶಟರ್ 1/125ಕ್ಕೆ ಇಳಿಸಬೇಕು, ಮಗು ಓಡಿದರೆ ಮಸುಕು. ಇನ್ನೊಂದು ಸಣ್ಣ ವಿಷಯ: ಜೋರು ಬೆಳಕು ಸದಾ ಮುಖಕ್ಕೆ ಹೊಡೆಯುತ್ತಿದ್ದರೆ ಕಣ್ಣಪಾಪೆ ಕಿರಿದಾಗುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ ಫ್ಲಾಶ್ ಹೊಡೆದರೆ ಪಾಪೆ ಅಗಲವಾಗಿಯೇ ಸಿಗುತ್ತದೆ, ನೋಟಕ್ಕೆ ಏನೋ ಆಳ ಬರುತ್ತದೆ. ಪ್ಯಾನೆಲ್ ಕೊಳ್ಳುವುದೇ ಆದರೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ನೂರರವರೆಗಿನ ಅಳತೆ) 95ಕ್ಕಿಂತ ಕಡಿಮೆ ಇರುವುದು ಬೇಡ. ನಾನು ಮೊದಲು ತಂದದ್ದರಲ್ಲಿ ಎಲ್ಲರೂ ಕಾಮಾಲೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು.

ಡಬ್ಬಿಯ ತಕರಾರುಗಳು ಇನ್ನೂ ಇವೆ. ಭಾರವೆಲ್ಲ ಮುಂದಕ್ಕೆ. ಏಳನೇ ತಿಂಗಳಲ್ಲಿ ಸ್ಟ್ಯಾಂಡ್ ಸಮೇತ ಮುಗ್ಗರಿಸಿ ಬಿತ್ತು. ಆಗಲೇ ಆ ಕಡ್ಡಿ ಬಗ್ಗಿದ್ದು. ಫ್ಲಾಶ್ ಬದುಕಿದ್ದು ಪುಣ್ಯ. ಈಗ ಸ್ಟ್ಯಾಂಡಿನ ಒಂದು ಕಾಲನ್ನು ಡಬ್ಬಿ ಚಾಚಿದ ದಿಕ್ಕಿಗೇ ಇಡುತ್ತೇನೆ, ಹಿಂದಿನ ಕಾಲಿಗೆ ಮರಳಿನ ಚೀಲ. ಬಿಡಿ ಕಡ್ಡಿ ಬೇಕು ಅಂತ ಮಾರಿದವರಿಗೆ ಎರಡು ಸಲ ಬರೆದೆ. ಹೊಸ ಡಬ್ಬಿಯ ಬೆಲೆ ಕಳಿಸಿದರು. ಅದಕ್ಕೇ ಟೇಪು. ಮುಂದಿನ ಬಟ್ಟೆ ನಿಧಾನವಾಗಿ ಹಳದಿಗೆ ತಿರುಗುತ್ತಿದೆ, ಬೂದು ಕಾರ್ಡ್ ಹಿಡಿದು ಒಂದು ಫೋಟೋ ತೆಗೆದುಕೊಂಡರೆ ಬಣ್ಣ ಸರಿಮಾಡಬಹುದು. ಹೊರಗೆ ಒಯ್ಯುವ ಯೋಚನೆ ಇದ್ದರೆ ಬೇಡ. ಸಣ್ಣ ಗಾಳಿಗೂ ಇದು ಹಾಯಿದೋಣಿ. ಚಾವಣಿ ತಗ್ಗಿರುವ ಕೋಣೆಗೂ ಆಗದು. ಎತ್ತರಕ್ಕೆ ಏರಿಸಿದಾಗ ಮೇಲಿನ ಅಂಚು ಚಾವಣಿಗೆ ತಾಗಿ, ಬಾಗಿಸಲು ಜಾಗವೇ ಇರುವುದಿಲ್ಲ. ಅಂಥವರು 90 ಸೆಂಟಿಮೀಟರಿನದು ತಗೊಳ್ಳಿ. ಕನ್ನಡಕದವರ ಫೋಟೋವೇ ಜಾಸ್ತಿ ತೆಗೆಯುವವರಿಗೂ ಅದೇ ಲೇಸು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಬಗ್ಗಿದ ಕಡ್ಡಿಗೆ.

ಅಪ್ಪನ ಫೋಟೋ ಆಯಿತು, ಮೂರನೇ ಸಂಜೆಯದ್ದೇ. ತೂಕಡಿಸಿ ಎಚ್ಚರವಾದಾಗ 'ಮುಗೀತಾ?' ಅಂತ ತಲೆ ಎತ್ತಿದ ಕ್ಷಣ. ಕನ್ನಡಕದ ಗಾಜಿನಲ್ಲಿ ಏನೂ ಇಲ್ಲ, ಕಣ್ಣಿನಲ್ಲಿ ಎಂಟು ಮೂಲೆಯ ಒಂದು ಚಿಕ್ಕ ಹೊಳಪು ಇದೆ. ಅಮ್ಮ ಅದನ್ನು ದೊಡ್ಡದು ಮಾಡಿ ನೋಡಿ, ತೊಡೆಯ ಮೇಲಿನ ಬಿಳಿ ಬಟ್ಟೆ ಏನು ಅಂತ ಕೇಳಿದರು. ಅದನ್ನು ಕ್ರಾಪ್ ಮಾಡಲು ಮರೆತಿದ್ದೆ.