ಕ್ರಯೋಗ್ಲೋಬ್ಯುಲಿನ್ ಟೆಸ್ಟ್‌ಗೆ ಮನೆಯಲ್ಲಿ ರಕ್ತ ಕೊಡಬೇಡಿ

ಹೋದ ಚಳಿಗಾಲದಲ್ಲಿ ಅಮ್ಮನ ಕಾಲ ಮೇಲೆ, ಪಾದದಿಂದ ಮೀನಖಂಡದವರೆಗೆ, ನೇರಳೆ ಚುಕ್ಕೆಗಳು ಎದ್ದವು. ಬೆರಳಿಂದ ಒತ್ತಿದರೂ ಬಣ್ಣ ಮಾಸುತ್ತಿರಲಿಲ್ಲ. ಜೊತೆಗೆ ಕೀಲುನೋವು, ಸುಸ್ತು. ಅಮ್ಮನಿಗೆ ಹೆಪಟೈಟಿಸ್ ಸಿ ಇರುವುದು ಮೊದಲೇ ಗೊತ್ತಿತ್ತು. ರಕ್ತದಲ್ಲಿ ಸಿ4 ಎಂಬ ರೋಗನಿರೋಧಕ ಪ್ರೋಟೀನ್ ತುಂಬಾ ಕಡಿಮೆ ಬಂತು. ಡಾಕ್ಟರು ಕ್ರಯೋಗ್ಲೋಬ್ಯುಲಿನ್ ಟೆಸ್ಟ್ ಬರೆದುಕೊಟ್ಟರು, ಅಂದರೆ ತಣ್ಣಗಾದರೆ ತಳಕ್ಕಿಳಿಯುವ ಪ್ರೋಟೀನ್ ರಕ್ತದಲ್ಲಿದೆಯಾ ಅಂತ ನೋಡುವ ಟೆಸ್ಟ್.

ಅಮ್ಮನಿಗೆ ಓಡಾಟ ಕಷ್ಟ ಅಂತ ನಾನೇ ಲ್ಯಾಬಿನವರನ್ನು ಮನೆಗೆ ಕರೆಸಿದೆ. ಹುಡುಗ ಬಂದ, ರಕ್ತ ತೆಗೆದ, ಟ್ಯೂಬನ್ನು ಐಸ್ ಪ್ಯಾಕ್ ಇದ್ದ ಡಬ್ಬದಲ್ಲಿಟ್ಟ. "ಇನ್ನೂ ಮೂರು ಮನೆ ಇವೆ ಮೇಡಂ" ಅಂತ ಹೊರಟ. ವಾರ ಕಳೆದು ರಿಪೋರ್ಟ್ ಬಂತು, ನೆಗೆಟಿವ್. ಸದ್ಯ, ಅದಿಲ್ವಲ್ಲ ಅಂದುಕೊಂಡೆವು.

ಮೂರು ವಾರಕ್ಕೆ ಪಾದ ಊದಿತು, ಮೂತ್ರದಲ್ಲಿ ನೊರೆ ಬರತೊಡಗಿತು. ಪರೀಕ್ಷೆಯಲ್ಲಿ ಪ್ರೋಟೀನ್ ಸೋರುತ್ತಿರುವುದು ಕಂಡಿತು. ಡಾಕ್ಟರು ಮೊದಲು ಕೇಳಿದ್ದೇ "ರಕ್ತ ಎಲ್ಲಿ ತೆಗೆದರು?" ಅಂತ.

ವಿಷಯ ಇಷ್ಟೇ. ಈ ಕಾಯಿಲೆಯಲ್ಲಿ ಪ್ರತಿಕಾಯಗಳು (ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್‌ಗಳು) ಒಂದಕ್ಕೊಂದು, ವೈರಸ್ಸಿನ ಜೊತೆಗೂ ಅಂಟಿಕೊಂಡು ಗಂಟಾಗುತ್ತವೆ. ಈ ಗಂಟುಗಳೇ ಕ್ರಯೋಗ್ಲೋಬ್ಯುಲಿನ್. ಮೈ ಬಿಸಿಯಲ್ಲಿ ಅವು ಕರಗಿರುತ್ತವೆ. 37 ಡಿಗ್ರಿಗಿಂತ ತಣ್ಣಗಾದರೆ ತಳಕ್ಕಿಳಿಯಲು ಶುರುವಾಗುತ್ತವೆ. ಹಾಗಾಗಿ ರಕ್ತ ಹೆಪ್ಪುಗಟ್ಟಿ ಸೀರಮ್, ಅಂದರೆ ಹೆಪ್ಪಿನ ಮೇಲೆ ಉಳಿಯುವ ತಿಳಿ ದ್ರವ, ಬೇರೆ ಮಾಡುವ ತನಕ ಅದು ಬೆಚ್ಚಗೇ ಇರಬೇಕು. ಮಧ್ಯೆ ತಣ್ಣಗಾದರೆ ಗಂಟುಗಳೆಲ್ಲ ಹೆಪ್ಪಿನ ಜೊತೆ ಕೂತುಬಿಡುತ್ತವೆ. ಉಳಿದ ಸೀರಮ್‌ನಲ್ಲಿ ಹುಡುಕಿದರೆ ಏನು ಸಿಗುತ್ತದೆ? ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಮಿಕ್ಕ ಎಷ್ಟೋ ಟೆಸ್ಟ್‌ಗೆ ಐಸ್ ಡಬ್ಬವೇ ಸರಿ. ಇದೊಂದಕ್ಕೆ ಬೇಡ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಸಲ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಯ ಲ್ಯಾಬಿಗೇ ಹೋದೆ. ಟ್ಯೂಬುಗಳನ್ನು ಮೊದಲೇ ಬೆಚ್ಚಗೆ ಮಾಡಿಟ್ಟಿದ್ದರು. ರಕ್ತ ತುಂಬಿದ ಕೂಡಲೇ ಬಿಸಿನೀರಿನ ಫ್ಲಾಸ್ಕಿಗೆ ಇಳಿಸಿದರು, ಅಲ್ಲಿಂದ ನೇರ 37 ಡಿಗ್ರಿಯ ಇನ್‌ಕ್ಯುಬೇಟರಿಗೆ. ಸೀರಮ್ ಬೇರೆ ಮಾಡಿದ ಮೇಲಷ್ಟೇ ಫ್ರಿಜ್, 4 ಡಿಗ್ರಿಯಲ್ಲಿ ಏಳು ದಿನ. ಕೆಲವರಲ್ಲಿ ಒಂದೇ ದಿನಕ್ಕೆ ಕಾಣುತ್ತದಂತೆ, ಕೆಲವರಲ್ಲಿ ವಾರವೇ ಬೇಕು. ಮರುದಿನವೇ ನೆಗೆಟಿವ್ ಅಂತ ಕೊಟ್ಟರೆ ನಂಬಬೇಡಿ.

ರಿಪೋರ್ಟ್ ತರಲು ಹೋದಾಗ ಟೆಕ್ನಿಷಿಯನ್ ಟ್ಯೂಬ್ ತೋರಿಸಿದರು. ತಳದಲ್ಲಿ ಗಂಜಿಯ ಹಾಗೆ ಬಿಳೀ ಗಷ್ಟು. ಬಿಸಿನೀರಲ್ಲಿ ಇಟ್ಟು ಸ್ವಲ್ಪ ಹೊತ್ತಿಗೆ ಕರಗಿ ತಿಳಿಯಾಯಿತು. ಹಾಗೆ ಕರಗಿದರೇನೇ ಅದು ಕ್ರಯೋಗ್ಲೋಬ್ಯುಲಿನ್ ಅಂತ ಖಾತ್ರಿ.

ಈಗ ಹೆಪಟೈಟಿಸ್ ಸಿ ಮಾತ್ರೆ ಶುರುವಾಗಿದೆ. ಚುಕ್ಕೆ ಕಮ್ಮಿಯಾಗಿವೆ, ನೊರೆ ಇನ್ನೂ ಪೂರ್ತಿ ನಿಂತಿಲ್ಲ.

ನಿಮಗೋ ನಿಮ್ಮ ಮನೆಯವರಿಗೋ ಈ ಟೆಸ್ಟ್ ಬರೆದುಕೊಟ್ಟರೆ ಲ್ಯಾಬಿಗೆ ಮೊದಲೇ ಫೋನ್ ಮಾಡಿ: ಟ್ಯೂಬ್ ಬೆಚ್ಚಗೆ ಮಾಡಿರುತ್ತೀರಾ, ಸೀರಮ್ ಅಲ್ಲೇ ಬೇರೆ ಮಾಡುತ್ತೀರಾ, ಎಷ್ಟು ದಿನ ನೋಡುತ್ತೀರಾ? "ಅದೆಲ್ಲ ಏನೂ ಬೇಡ, ಮನೆಗೇ ಬರುತ್ತೇವೆ" ಅಂದರೆ ಅಲ್ಲಿ ಕೊಡಬೇಡಿ.