ಕೆಆರ್‌ಎಸ್ಸಾ, ತುಂಗಭದ್ರಾನಾ?

ಬೆಂಗಳೂರಿನಿಂದ ಅಣೆಕಟ್ಟು ನೋಡಲು ಹೊರಟವರಿಗೆ ಈ ಎರಡರಲ್ಲಿ ಯಾವುದು ಅನ್ನುವ ಗೊಂದಲ ಇದ್ದದ್ದೇ.

ಒಂದೇ ಭಾನುವಾರ ಕೈಯಲ್ಲಿದ್ದರೆ ಕೆಆರ್‌ಎಸ್. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. 1911ರಲ್ಲಿ ಕೆಲಸ ಶುರುವಾದ ಕಟ್ಟೆ ಇದು. ವಿಶ್ವೇಶ್ವರಯ್ಯನವರ ಹೆಸರಿಲ್ಲದೆ ಇದರ ಮಾತೇ ಇಲ್ಲ. ಮಂಡ್ಯದ ಕಬ್ಬು, ಭತ್ತಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು. ಶಿವನಸಮುದ್ರದಲ್ಲಿ ಬೇಸಿಗೆಯಲ್ಲೂ ಕರೆಂಟು ತಯಾರಾಗಲಿ ಅನ್ನುವುದೂ ಆಗಿನ ಉದ್ದೇಶ. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿಗೂ ಇದೇ ಆಸರೆ. ಮಳೆಗಾಲದಲ್ಲಿ ಕಟ್ಟೆ ತುಂಬಿ ಮಟ್ಟ 124.80 ಅಡಿ ಮುಟ್ಟಿತಾ ಅಂತ ಬೆಂಗಳೂರಿನವರು ಸುಮ್ನೆ ಕೇಳ್ತಾರಾ? ಸಂಜೆ ಬೃಂದಾವನದ ಕಾರಂಜಿ ಇದ್ದೇ ಇದೆ. ರಜಾ ದಿನ ಜನ ಮಾತ್ರ ಜಾಸ್ತಿ.

ತುಂಗಭದ್ರಾ ದೂರ. ಹೊಸಪೇಟೆಗೆ ರಾತ್ರಿ ರೈಲು ಹಿಡಿಯಿರಿ. ಆದರೆ ಗಾತ್ರದಲ್ಲಿ ಕೆಆರ್‌ಎಸ್ ಇದರ ಮುಂದೆ ಚಿಕ್ಕದು: ಅಲ್ಲಿ ಹಿಡಿಯುವ ನೀರು ಸುಮಾರು 49 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ), ಇಲ್ಲಿ ಹೂಳು ತುಂಬಿದ ಮೇಲೂ ನೂರಕ್ಕೂ ಜಾಸ್ತಿ. 33 ಗೇಟುಗಳು. 2024ರ ಆಗಸ್ಟ್‌ನಲ್ಲಿ 19ನೆಯದರ ಚೈನು ಕಿತ್ತು ಗೇಟೇ ಕೊಚ್ಚಿಹೋಗಿದ್ದು ನೆನಪಿದೆ ಅಲ್ವಾ? ಕೊಪ್ಪಳ, ರಾಯಚೂರು, ಬಳ್ಳಾರಿಯ ಗದ್ದೆಗಳ ಜೊತೆ ಆಂಧ್ರ, ತೆಲಂಗಾಣಕ್ಕೂ ಪಾಲಿದೆ.

ಎರಡು ದಿನ ರಜೆ ಇದ್ದರೆ ನಾನಂತೂ ತುಂಗಭದ್ರಾ ಅಂತೀನಿ. ಹಂಪಿ ಪಕ್ಕದಲ್ಲೇ ಇದೆ.