ಕಿವಿನರದ ಗಡ್ಡೆಗೆ ಸರ್ಜನ್ ಹುಡುಕುವವರಿಗೆ: ನಿಮ್ಹಾನ್ಸ್ ಒಪಿಡಿ ಹೇಗಿದೆ?

ಎಂಆರ್‌ಐ ವರದಿಯಲ್ಲಿ ‘ವೆಸ್ಟಿಬ್ಯುಲರ್ ಶ್ವಾನೋಮ’ (ಕಿವಿನರದ ಗಡ್ಡೆ) ಅಂತ ಬಂದ ಕೂಡಲೇ ಮನೆಮಂದಿಯೆಲ್ಲ ಸರ್ಜನ್‌ಗಳ ಹೆಸರು ಕೇಳಿಕೊಂಡು ಓಡಾಡಲು ಶುರುಮಾಡುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಗಡ್ಡೆ. ತಲೆನೋವು, ವಾಂತಿ, ನಡೆಯುವಾಗ ತೂರಾಟ ಇಲ್ಲದಿದ್ದರೆ ಎರಡು ಕಡೆ ಕೇಳುವಷ್ಟು ವ್ಯವಧಾನ ಇರುತ್ತದೆ. ಅದರಲ್ಲಿ ಒಂದು ಕಡೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಗಿರಲಿ.

ಕಾರಣ ಸರಳ. ತಲೆಬುರುಡೆ ತೆರೆದು ಮಾಡುವ ಆಪರೇಷನ್ನೂ ಗಾಮಾ ನೈಫ್ ವಿಕಿರಣವೂ (ತಲೆ ತೆರೆಯದೆ ಗಡ್ಡೆಗೇ ಗುರಿಯಿಟ್ಟು ಬಿಡುವ ಕಿರಣ) ಒಂದೇ ಆವರಣದಲ್ಲಿವೆ. ಒಂದೇ ಸೌಲಭ್ಯ ಇರುವ ಕಡೆ ಸಲಹೆಯೂ ಅದರತ್ತಲೇ ವಾಲುವುದುಂಟು; ಇಲ್ಲಿ ಆ ಅನುಮಾನ ಕಡಿಮೆ. ಗಡ್ಡೆ 3 ಸೆಂ.ಮೀ. ದಾಟಿ ಮೆದುಳುಕಾಂಡವನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ಆಪರೇಷನ್ನೇ ಗತಿ. ಅದಕ್ಕಿಂತ ಚಿಕ್ಕದಾದರೆ ಗಾಮಾ ನೈಫ್ ಲೆಕ್ಕಕ್ಕೆ ಬರುತ್ತದೆ. ತೀರಾ ಚಿಕ್ಕದಾಗಿದ್ದು ವಯಸ್ಸೂ ಆಗಿದ್ದರೆ, ಆರು ತಿಂಗಳ ಮೇಲೆ ಇನ್ನೊಂದು ಎಂಆರ್‌ಐ ಮಾಡಿಸಿ ನೋಡೋಣ ಎನ್ನುವುದೂ ಚಿಕಿತ್ಸೆಯೇ. ಗಾಮಾ ನೈಫ್‌ನಿಂದ ಗಡ್ಡೆ ಮಾಯವಾಗುವುದಿಲ್ಲ, ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುತ್ತದೆ. ಮೊದಲ ತಿಂಗಳುಗಳಲ್ಲಿ ತುಸು ಊದಿಕೊಳ್ಳಲೂಬಹುದು. ಇದು ಗೊತ್ತಿಲ್ಲದವರು ಮುಂದಿನ ಸ್ಕ್ಯಾನ್ ನೋಡಿ ಗಾಬರಿಬಿದ್ದು ಇನ್ನೊಂದು ಆಸ್ಪತ್ರೆಗೆ ಓಡುತ್ತಾರೆ.

ಪರಿಣತಿಗೆ ಪೂರ್ತಿ ಅಂಕ ಕೊಡಬಹುದು, ಕಾಯಿಸುವುದಕ್ಕೆ ಅರ್ಧವೂ ಕಷ್ಟ. ಯೂನಿಟ್ (ಡಾಕ್ಟರುಗಳ ತಂಡ) ಪದ್ಧತಿ ಇರುವುದರಿಂದ ನೀವು ಹೋದ ದಿನದ ಯೂನಿಟ್ಟೇ ನಿಮ್ಮದು. ಮೊದಲು ರೆಸಿಡೆಂಟ್ ಡಾಕ್ಟರು ಕೇಸ್ ಬರೆದುಕೊಳ್ಳುತ್ತಾರೆ, ಹಿರಿಯರು ಆಮೇಲೆ ನೋಡುತ್ತಾರೆ. ಅಪಘಾತ, ರಕ್ತಸ್ರಾವದ ಕೇಸುಗಳು ಬಂದಷ್ಟೂ ಇಂಥ ಗಡ್ಡೆಗಳ ತಾರೀಖು ಹಿಂದೆ ಸರಿಯುತ್ತದೆ.

ಹಿರಿಯರ ಮುಂದೆ ಸಿಗುವ ಕೆಲವೇ ನಿಮಿಷ ಹಾಳಾಗುವುದು ಬಹುಪಾಲು ಫೈಲಿನಿಂದ. ಫಿಲ್ಮ್ ಒಂದೇ ಸಾಲದು, ವಾಟ್ಸಾಪ್ ಫೋಟೋ ಅಂತೂ ಬೇಡವೇ ಬೇಡ. ಸ್ಕ್ಯಾನ್ ಸೆಂಟರಿನಲ್ಲಿ ಡೈಕಾಮ್ ಫೈಲುಗಳಿರುವ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಸಿಡಿ ಕೇಳಿ, ಅಲ್ಲೇ ಕಂಪ್ಯೂಟರಿಗೆ ಹಾಕಿಸಿ ತೆರೆಸಿ ನೋಡಿ. ಒಳಗೆ ಬರೀ ಜೆಪೆಗ್ ಚಿತ್ರಗಳಿದ್ದರೆ ವಾಪಸ್ ಕೊಡಿ. ಎಂಆರ್‌ಐ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ತೆಗೆದದ್ದಿರಬೇಕು (ಕಿಡ್ನಿ ತೊಂದರೆ ಇದ್ದರೆ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ), ಒಳಕಿವಿಯ ತೆಳು ಸ್ಲೈಸ್‌ಗಳೂ ಇರಬೇಕು. ಎಷ್ಟೋ ಜನ ಮರೆಯುವುದು ಆಡಿಯೋಗ್ರಾಮ್, ಅಂದರೆ ಕೇಳ್ಮೆ ಪರೀಕ್ಷೆಯ ವರದಿ. ಬರೀ ಶಬ್ದ ಕೇಳುವುದಷ್ಟೇ ಅಲ್ಲ, ಮಾತು ಎಷ್ಟು ಅರ್ಥವಾಗುತ್ತದೆ ಎಂಬ ಸ್ಪೀಚ್ ಟೆಸ್ಟೂ ಬೇಕು. ಆ ಕಿವಿಯಲ್ಲಿ ಉಳಿಸುವಂಥ ಕೇಳ್ಮೆ ಇದೆಯೇ ಎಂದು ನಿರ್ಧಾರವಾಗುವುದು ಅದರ ಮೇಲೆ.

‘ಎಷ್ಟು ಪರ್ಸೆಂಟ್ ಗ್ಯಾರಂಟಿ ಸಾರ್?’ ಅಂತ ಕೇಳಿದರೆ ಉಪಯೋಗವಿಲ್ಲ. ಈ ಗಡ್ಡೆಗೆ ಅಂಟಿಕೊಂಡೇ ಮುಖದ ನರ ಹೋಗುತ್ತದೆ. ಗಡ್ಡೆ ದೊಡ್ಡದಾದಷ್ಟೂ ಆ ನರ ಕಾಗದದಂತೆ ತೆಳುವಾಗಿ ಹರಡಿಕೊಂಡಿರುತ್ತದೆ. ಆದ್ದರಿಂದ ಹೀಗೆ ಕೇಳಿ: ಆಪರೇಷನ್ ವೇಳೆ ಮುಖದ ನರಕ್ಕೆ ಮಾನಿಟರ್ ಹಾಕುತ್ತೀರಾ? ನರಕ್ಕೆ ಅಂಟಿದ ಚೂರು ಬಿಟ್ಟು ಬರುತ್ತೀರಾ, ಪೂರ್ತಿ ತೆಗೆಯುತ್ತೀರಾ? ಚೂರು ಬಿಟ್ಟರೆ ಮುಂದೆ ಗಾಮಾ ನೈಫ್ ಬೇಕಾಗಬಹುದೇ? ಮೆದುಳಿನಲ್ಲಿ ನೀರು ತುಂಬಿದ್ದರೆ ಮೊದಲು ಶಂಟ್ (ಆ ನೀರು ಹೊರಹರಿಸುವ ಕೊಳವೆ) ಹಾಕುತ್ತೀರಾ? ಇದೇ ನಾಲ್ಕನ್ನು ಖಾಸಗಿ ಆಸ್ಪತ್ರೆಯಲ್ಲೂ ಕೇಳಿ, ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ‘ಪೂರ್ತಿ ತೆಗೀತೀನಿ, ಏನೂ ಆಗಲ್ಲ’ ಅನ್ನುವ ಸರ್ಜನ್‌ಗಿಂತ ‘ಚೂರು ಬಿಡಬೇಕಾಗಬಹುದು’ ಅನ್ನುವವರೇ ವಾಸಿ.

ಖರ್ಚಿನ ವಿಚಾರಕ್ಕೆ ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ಅಡ್ಮಿಟ್ ಆಗುವ ಮುಂಚೆಯೇ ಕೌಂಟರಿನಲ್ಲಿ ವಿಚಾರಿಸಿ, ಬಿಲ್ ಆದ ಮೇಲಲ್ಲ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎರಡು ವಿಷಯ ಗಮನಿಸಿ. ಮುಖದ ನರ ದುರ್ಬಲವಾಗಿ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ಟೇಪ್. ಇಲ್ಲದಿದ್ದರೆ ಕಣ್ಣಿನ ಕರಿಗುಡ್ಡೆ ಹುಣ್ಣಾಗುತ್ತದೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಎಂದು ಸುಮ್ಮನಿರಬೇಡಿ. ಅದು ಮೆದುಳಿನ ನೀರು ಸೋರುತ್ತಿರುವುದಿರಬಹುದು, ಸೋಂಕಾದರೆ ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ). ಮುಂದಿನ ಒಪಿಡಿ ದಿನಕ್ಕೆ ಕಾಯದೆ ಅವತ್ತೇ ತುರ್ತು ವಿಭಾಗಕ್ಕೆ ಹೋಗಿ. ಅದು 24 ಗಂಟೆಯೂ ತೆರೆದಿರುತ್ತದೆ.